ಸೀನಿನ ವ್ಯಾಪಾರಿ

ಜಗತ್ತಿಗೆ ಉಪಕಾರ ಮಾಡಿದ ಮಹನೀಯರ ಹೆಸರುಗಳನ್ನು ಶಾಲೆಯ ಮಕ್ಕಳು ಬಾಯಿಪಾಠ ಮಾಡುತ್ತಾರೆ. ಹಬೆಯ ಯಂತ್ರಕ್ಕೊಬ್ಬ, ವಿದ್ಯುದ್ದೀಪಕ್ಕೊಬ್ಬ, ದೂರವಾಣಿಗೊಬ್ಬ. ಪಾಠದ ಪುಸ್ತಕದಲ್ಲಿ ಒಬ್ಬೊಬ್ಬರಿಗೂ ಒಂದೊಂದು ಗಂಭೀರವಾದ ಭಾವಚಿತ್ರ. ಆ ಮೆರವಣಿಗೆಯಲ್ಲಿ ಎಲ್ಲಿಯೂ ಕಾಣಸಿಗದ ಒಬ್ಬ ಮನುಷ್ಯನ ಮೇಲೆ ನನಗೆ ಬಹುಕಾಲದಿಂದ ಮಮತೆ. ಆತನು ಜಗತ್ತಿಗೆ ಹೇಳಿಕೊಳ್ಳುವಂಥ ಉಪಕಾರವನ್ನೇನೂ ಮಾಡಲಿಲ್ಲ. ಮಾಡಿದ್ದೆಂದರೆ ಕೆಲವರನ್ನು ಸೀನಿಸಿದ್ದು, ಕೆಲವರನ್ನು ಬೆಚ್ಚಿಬೀಳಿಸಿದ್ದು, ಇನ್ನು ಕೆಲವರ ಗರಿಗರಿ ಅಂಗಿಯ ಮೇಲೆ ನೀರು ಚೆಲ್ಲಿಸಿದ್ದು. ನಮ್ಮ ಮನೆಗಳಲ್ಲಿ ಹುಡುಗರು ಇಂಥ ಕೆಲಸ ಮಾಡಿದರೆ ಕಿವಿ ಹಿಂಡಿಸಿಕೊಳ್ಳುತ್ತಾರೆ. ಈತನು ಅದನ್ನೇ ಕಸುಬಾಗಿ ಮಾಡಿಕೊಂಡು, ಅದರಿಂದಲೇ ಸಂಸಾರ ಸಾಗಿಸಿ, ಕಾರ್ಖಾನೆ ನಡೆಸಿ, ಮಗನಿಗೂ ಅದೇ ವ್ಯಾಪಾರವನ್ನು ಬಿಟ್ಟುಹೋದನು.

ಸೀನಿನ ವಿಷಯದಲ್ಲಿ ನಾವು ಅಷ್ಟೇನೂ ಹಗುರವಾಗಿ ನಡೆದುಕೊಳ್ಳುವ ಜನರಲ್ಲ. ಹೊಸಿಲು ದಾಟುವ ಹೊತ್ತಿಗೆ ಯಾರಾದರೂ ಒಂಟಿ ಸೀನು ಸೀನಿದರೆ, ಹೊರಟವರು ಹಿಂದಕ್ಕೆ ಬಂದು, ಎರಡು ನಿಮಿಷ ಕುಳಿತು, ಒಂದು ಗುಟುಕು ನೀರು ಕುಡಿದು ಮತ್ತೆ ಹೊರಡಬೇಕು. ಜೋಡಿ ಸೀನಾದರೆ ಅಡ್ಡಿಯಿಲ್ಲ. ಮಗು ಸೀನಿದರೆ ಅಜ್ಜಿ 'ಚಿರಂಜೀವಿಯಾಗು' ಎನ್ನುತ್ತಾಳೆ. ಈ ಶಕುನಶಾಸ್ತ್ರಕ್ಕೆಲ್ಲ ಹೊರತಾಗಿದ್ದವರು ನಮ್ಮ ತಾತನವರೊಬ್ಬರೇ. ಅವರ ಸೊಂಟದಲ್ಲಿ ನಶ್ಯದ ಡಬ್ಬಿ ಸದಾ ಸಿದ್ಧವಾಗಿರುತ್ತಿತ್ತು. ಬೆಳಗಿನ ಪತ್ರಿಕೆ ಕೈಗೆ ಬಂದೊಡನೆ ಒಂದು ಚಿಟಿಕೆ ಏರಿಸಿ, ಕಣ್ಣು ಅರೆಮುಚ್ಚಿ, ಸಾಲಾಗಿ ಏಳು ಸೀನುಗಳನ್ನು ಹೊರಡಿಸುತ್ತಿದ್ದರು. ಮೊಮ್ಮಕ್ಕಳಾದ ನಾವು ಎಣಿಸುತ್ತಿದ್ದೆವು. ಒಂದು ಕಡಿಮೆಯಾದರೆ ಅಡುಗೆಮನೆಯಿಂದ ಅಜ್ಜಿ, "ಯಾಕೆ, ಇವತ್ತು ಮೈ ಸರಿಯಿಲ್ಲವೇ?" ಎಂದು ಕೇಳುತ್ತಿದ್ದರು. ಇಂಥ ಮನೆಯಲ್ಲಿ ಬೆಳೆದ ನನಗೆ, ಕಡಲಾಚೆ ಒಬ್ಬನು ಸೀನನ್ನೇ ಸೀಸೆಯಲ್ಲಿ ತುಂಬಿ ಮಾರಿ ಬದುಕು ಕಟ್ಟಿದನೆಂಬ ಸಂಗತಿ ಎಷ್ಟು ರುಚಿಸಿತೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಆತನ ಹೆಸರು ಸೋರೆನ್ ಸೋರೆನ್‌ಸನ್ ಆಡಮ್ಸ್. 1879ರಲ್ಲಿ ಡೆನ್ಮಾರ್ಕಿನಲ್ಲಿ ಹುಟ್ಟಿದವನು. ಬಾಲ್ಯದಲ್ಲಿಯೇ ತಂದೆ ತಾಯಿಗಳೊಡನೆ ಅಮೆರಿಕಕ್ಕೆ ಬಂದು ನ್ಯೂಜೆರ್ಸಿ ಪ್ರಾಂತದ ಪರ್ತ್ ಆಂಬಾಯ್ ಎಂಬ ಊರಿನಲ್ಲಿ ಬೆಳೆದನು. ಇಪ್ಪತ್ತನೆಯ ಶತಮಾನದ ಆರಂಭದ ವರ್ಷಗಳಲ್ಲಿ ಆತನಿಗೆ ಬಣ್ಣದ ಕಂಪನಿಯೊಂದರಲ್ಲಿ ಮಾರಾಟಗಾರನ ಕೆಲಸ ದೊರೆಯಿತು. ಕಲ್ಲಿದ್ದಲಿನ ಡಾಂಬರಿನಿಂದ ಬಟ್ಟೆಯ ಬಣ್ಣಗಳನ್ನು ತಯಾರಿಸುವ ವಿದ್ಯೆ ಆಗ ಬಹಳ ಮುಂದುವರಿದಿತ್ತು. ಆ ಕಂಪನಿಯ ಸರಕುಗಳಲ್ಲಿ ಒಂದಕ್ಕೆ ಒಂದು ದುರ್ಗುಣವಿತ್ತು: ಅದರ ಬಳಿ ಸುಳಿದವರೆಲ್ಲರೂ ಸೀನತೊಡಗುತ್ತಿದ್ದರು. ಕಂಪನಿಯವರಿಗೆ ಇದೊಂದು ಪೀಡೆ. ಆಡಮ್ಸ್‌ಗೆ ಅದೊಂದು ಗಣಿಯಾಗಿ ಕಂಡಿತು. ಆ ಸೀನಿಸುವ ಅಂಶವನ್ನು ಆತನು ಬೇರ್ಪಡಿಸಿದನು. ಗೆಳೆಯರು ಗುಂಪಾಗಿ ಕುಳಿತಲ್ಲಿ ಅಂಗೈಯ ಮೇಲಿಟ್ಟು ಮೆಲ್ಲನೆ ಊದಿದನು. ಗೆಳೆಯರು ಸೀನಿ ಸೀನಿ ಸುಸ್ತಾದರು. ಆಮೇಲೆ ಅವರು ಆತನನ್ನು ಹೊಡೆಯಲು ಬರಲಿಲ್ಲ. 'ನನಗೂ ಸ್ವಲ್ಪ ಕೊಡು, ಮತ್ತೊಬ್ಬರ ಮೇಲೆ ಊದಬೇಕು' ಎಂದು ಕೈ ಚಾಚಿದರು. ಮನುಷ್ಯಸ್ವಭಾವದ ಈ ಒಂದು ತಿರುವನ್ನು ಗಮನಿಸಿದ್ದೇ ಆತನ ನಿಜವಾದ ಆವಿಷ್ಕಾರವೆಂದು ನನ್ನ ಅಭಿಪ್ರಾಯ.

ಸೀನುವಾಗ ಇಂಗ್ಲಿಷಿನವರು ಹೊರಡಿಸುವ ಸದ್ದನ್ನೇ ಹೆಸರಾಗಿಟ್ಟು, ಪುಡಿಗೆ 'ಕಾಚೂ' ಎಂದು ನಾಮಕರಣ ಮಾಡಿ, 1906ರಲ್ಲಿ ಆತನು ಒಂದು ಕಂಪನಿಯನ್ನೇ ತೆರೆದನು. ಅಮೆರಿಕದ ಜನ ಹುಚ್ಚೆದ್ದು ಕೊಂಡರು. ಆದರೆ ಹುಚ್ಚು ಎಂಬುದು ಜ್ವರದಂತೆ. ಏರಿದಷ್ಟೇ ಬೇಗ ಇಳಿಯುತ್ತದೆ. ಒಬ್ಬನ ಪುಡಿ ಮಾರಾಟವಾಯಿತೆಂದೊಡನೆ ಮತ್ತೆ ಹಲವರು ಅದೇ ಪುಡಿಯನ್ನು ತಂದು ಸುರಿದರು. ಊರೆಲ್ಲ ಒಂದು ಸಲ ಸೀನಿದ ಮೇಲೆ ಸೀನಿನಲ್ಲಿ ಹೊಸತೇನು ಉಳಿಯಿತು? ಅಲ್ಪಸ್ವಲ್ಪ ಬುದ್ಧಿಯುಳ್ಳ ವ್ಯಾಪಾರಿಯಾಗಿದ್ದರೆ ಬಂದ ಹಣವನ್ನು ಬಡ್ಡಿಗೆ ಹಾಕಿ ತೆಪ್ಪಗೆ ಕುಳಿತುಬಿಡುತ್ತಿದ್ದನು. ಆಡಮ್ಸ್ ಹಾಗೆ ಮಾಡಲಿಲ್ಲ. ಒಂದು ತಮಾಷೆಗೆ ಆಯುಸ್ಸು ಕಡಿಮೆ. ಆದ್ದರಿಂದ ಮತ್ತೊಂದು ಬೇಕು, ಅದಾದ ಮೇಲೆ ಇನ್ನೊಂದು ಬೇಕು ಎಂದು ನಿಶ್ಚಯಿಸಿ ಮುಂದಿನ ಐದು ದಶಕಗಳನ್ನು ಅದರಲ್ಲಿಯೇ ಕಳೆದನು. ತುರಿಕೆಯ ಪುಡಿ, ತೊಟ್ಟಿಕ್ಕುವ ಲೋಟ, ಕೈ ತೊಳೆದಷ್ಟೂ ಕಪ್ಪು ಮಾಡುವ ಸಾಬೂನು, ಇನ್ನೂ ಏನೇನೋ. ಅವನ ಕಾರ್ಖಾನೆಯಿಂದ ಹೊರಟ ಇಂಥ ಸರಕುಗಳ ಸಂಖ್ಯೆ ಆರುನೂರಕ್ಕೂ ಮಿಕ್ಕಿತೆಂದು ಹೇಳುತ್ತಾರೆ.

ಈ ಪದಾರ್ಥಗಳಲ್ಲಿ ಒಂದೆರಡರ ರಚನೆಯನ್ನು ನೋಡಬೇಕು. ತೊಟ್ಟಿಕ್ಕುವ ಲೋಟವು ನೋಡುವುದಕ್ಕೆ ಅಂದವಾದ ಗಾಜಿನ ಲೋಟ. ಹೊರಮೈಯಲ್ಲಿ ಹೂಬಳ್ಳಿಯ ಕೆತ್ತನೆ. ಆ ಕೆತ್ತನೆಯ ಗೀರುಗಳ ನಡುವೆ ಕಣ್ಣಿಗೆ ಕಾಣದಂತೆ ಸಣ್ಣ ಸೀಳುಗಳಿರುತ್ತವೆ. ಲೋಟ ನೆಟ್ಟಗಿದ್ದಷ್ಟು ಹೊತ್ತು ನೀರು ಸೀಳಿನ ಮಟ್ಟಕ್ಕಿಂತ ಕೆಳಗಿರುತ್ತದೆ. ಅತಿಥಿಯು ತುಟಿಗೆ ತಾಗಿಸಿ ಓರೆ ಮಾಡಿದ ಕ್ಷಣದಲ್ಲಿ ನೀರು ಸೀಳಿನಿಂದ ಹೊರಟು ಗದ್ದದ ಮೇಲಿನಿಂದ ಅಂಗಿಗೆ ಇಳಿಯುತ್ತದೆ. ಪಾಪ, ಅವನು ತನ್ನ ತುಟಿಯದೇ ದೋಷವೆಂದು ತಿಳಿದು ಒರಸಿಕೊಂಡು ಮತ್ತೆ ಕುಡಿಯುತ್ತಾನೆ, ಮತ್ತೆ ಒದ್ದೆಯಾಗುತ್ತಾನೆ. ನಮ್ಮ ದೇಶದಲ್ಲಿ ಈ ಆವಿಷ್ಕಾರದ ಅಗತ್ಯವಿರಲಿಲ್ಲ. ಲೋಟವನ್ನು ಎತ್ತಿ ಕುಡಿದು ಅಭ್ಯಾಸವಿಲ್ಲದ ಪಟ್ಟಣದ ಅಳಿಯನ ಕೈಗೆ ಹಿತ್ತಾಳೆಯ ಚೊಂಬು ಕೊಟ್ಟರೆ ಯಾವ ಸೀಳೂ ಇಲ್ಲದೆ ಅದೇ ಫಲ ದೊರೆಯುತ್ತದೆ.

ಇನ್ನು ಹಾವಿನ ಡಬ್ಬಿಯ ಕಥೆ. ಜಾಮಿನ ಸೀಸೆಯ ಬಗ್ಗೆ ಆಡಮ್ಸನ ಹೆಂಡತಿ ಒಂದು ದಿನ ಗೊಣಗಿದಳಂತೆ. ಮುಚ್ಚಳ ಸರಿಯಿಲ್ಲ, ಅಂಟು ಅಂಟು ಎಂದು ದೂರು. ಬೇರೆ ಗಂಡನಾಗಿದ್ದರೆ ಪತ್ರಿಕೆಯಿಂದ ತಲೆಯೆತ್ತದೆ 'ಹೂಂ' ಎನ್ನುತ್ತಿದ್ದನು. ಈತನು ಸೀಸೆಯನ್ನು ಕೈಗೆ ತೆಗೆದುಕೊಂಡು ಅದರ ಯೋಗ್ಯತೆಯನ್ನು ಬೇರೆ ರೀತಿಯಲ್ಲಿ ಪರೀಕ್ಷಿಸಿದನು. ತಂತಿಯ ಉದ್ದವಾದ ಸುರುಳಿಯೊಂದಕ್ಕೆ ಬಟ್ಟೆಯ ಚರ್ಮ ಹೊಲಿದು, ಹಾವಿನ ರೂಪ ಕೊಟ್ಟು, ಅದನ್ನು ಅದುಮಿ ಸೀಸೆಯೊಳಗೆ ತುರುಕಿ ಮುಚ್ಚಳ ತಿರುಗಿಸಿದನು. ಮುಚ್ಚಳ ತೆಗೆದವರ ಮುಖದ ಮುಂದೆ ಹಾವು ಹಾರಿತು. ಮೊದಲು ಜಾಮಿನ ಸೀಸೆ, ಆಮೇಲೆ ಕಡಲೇಬೀಜದ ಡಬ್ಬಿ. ಕಳೆದ ನೂರು ವರ್ಷಗಳಲ್ಲಿ ಆ ಬಟ್ಟೆಯ ಹಾವು ಎಷ್ಟು ಮನೆಗಳಲ್ಲಿ ಹಾರಿದೆಯೋ ಲೆಕ್ಕವಿಟ್ಟವರಿಲ್ಲ. ಹಗ್ಗದಲ್ಲಿ ಹಾವನ್ನು ಕಾಣುವ ಭ್ರಾಂತಿಯ ಬಗ್ಗೆ ನಮ್ಮ ವೇದಾಂತಿಗಳು ಗ್ರಂಥಗಟ್ಟಲೆ ಬರೆದರು; ನ್ಯೂಜೆರ್ಸಿಯ ಈ ಗೃಹಸ್ಥನು ಅದೇ ಭ್ರಾಂತಿಯನ್ನು ಡಬ್ಬಿಯಲ್ಲಿ ತುಂಬಿ ಅಂಗಡಿಯಲ್ಲಿಟ್ಟನು.

ಇಂಥ ಸರಕಿನ ಒಂದು ವಿಶೇಷವನ್ನು ಗಮನಿಸಬೇಕು. ಇಲ್ಲಿ ಮೋಸದ ಅರ್ಧ ಕೆಲಸವನ್ನು ಮೋಸಹೋಗುವವನೇ ಮಾಡುತ್ತಾನೆ. ಕಡಲೇಬೀಜದ ಮೇಲಿನ ಆಸೆ ಅವನದು. ಮುಚ್ಚಳ ತೆಗೆಯುವ ಕೈ ಅವನದು. ನೀರು ಕೊಟ್ಟಾಗ ಬೇಡವೆನ್ನಬಾರದೆಂಬ ಸೌಜನ್ಯ, ಕೈ ಚಾಚಿದಾಗ ಕುಲುಕಬೇಕೆಂಬ ಸಭ್ಯತೆ, ಇವೆಲ್ಲ ಅವನವೇ. ಅಂದರೆ ಆಡಮ್ಸನ ಮೂಲಧನ ತಂತಿಯೂ ಅಲ್ಲ, ಗಾಜೂ ಅಲ್ಲ. ಮನುಷ್ಯರು ಒಬ್ಬರನ್ನೊಬ್ಬರು ನಂಬುತ್ತಾರೆಂಬ ಸಂಗತಿ. ಯಾರೂ ಯಾರನ್ನೂ ನಂಬದ ಊರಿನಲ್ಲಿ ಅವನ ಒಂದು ಡಬ್ಬಿಯೂ ಮಾರಾಟವಾಗುತ್ತಿರಲಿಲ್ಲ. ಹಾಗಾದರೆ ಈ ನಂಬಿಕೆಯನ್ನು ಬಂಡವಾಳ ಮಾಡಿಕೊಂಡವನಿಗೆ ಅದರ ಬಗ್ಗೆ ಜವಾಬ್ದಾರಿಯೂ ಇರಬೇಕಷ್ಟೆ. ಆತನ ಜೀವನದಲ್ಲಿ ನನಗೆ ಕುತೂಹಲವಾಗಿ ಕಂಡದ್ದು ಈ ಪ್ರಶ್ನೆಯೇ.

ಆತನಿಗೆ ಹೆಚ್ಚಿನ ಕೀರ್ತಿ ತಂದದ್ದು 1928ರಲ್ಲಿ ರೂಪಿಸಿದ 'ಜಾಯ್ ಬಜರ್'. ಅಂಗೈಯೊಳಗೆ ಅಡಗುವ ಒಂದು ಚಿಕ್ಕ ಲೋಹದ ಬಿಲ್ಲೆ. ಬೆರಳಿಗೆ ಸಿಕ್ಕಿಸಿಕೊಳ್ಳಲು ಒಂದು ಉಂಗುರ. ಒಳಗೆ ಗಡಿಯಾರದಲ್ಲಿರುವಂಥ ಸುರುಳಿ. ಅದಕ್ಕೆ ಕೀಲಿ ಕೊಟ್ಟು, ಬಿಲ್ಲೆಯನ್ನು ಅಂಗೈಯಲ್ಲಿ ಬಚ್ಚಿಟ್ಟು, ಬಂದವರ ಕೈ ಕುಲುಕಬೇಕು. ನಡುವಿನ ಗುಂಡಿ ಒತ್ತಿದೊಡನೆ ಸುರುಳಿ ಸರ್ರನೆ ಬಿಚ್ಚಿಕೊಂಡು ಬಿಲ್ಲೆ ಗುಂಯ್‌ಗುಡುತ್ತ ನಡುಗುತ್ತದೆ. ಕೈ ಕೊಟ್ಟವನಿಗೆ ವಿದ್ಯುತ್ ತಗುಲಿದಂತೆ ಭಾಸವಾಗುತ್ತದೆ. ಅದರಲ್ಲಿ ವಿದ್ಯುತ್ತಿನ ಲವಲೇಶವೂ ಇಲ್ಲ. ಇಷ್ಟು ಸಣ್ಣ ಜಾಗದಲ್ಲಿ ಇಷ್ಟು ಗಟ್ಟಿಯಾದ ಯಂತ್ರವನ್ನು ಅಡಗಿಸುವುದು ಸುಲಭವಾಗಿರಲಿಲ್ಲ. ಆಡಮ್ಸ್ ತನ್ನ ಮಾದರಿಯನ್ನು ಜರ್ಮನಿಯ ಡ್ರೆಸ್ಡೆನ್ ನಗರಕ್ಕೆ ಒಯ್ದು, ಅಲ್ಲಿನ ಯಂತ್ರಕುಶಲಿಯೊಬ್ಬನಿಂದ ಸಣ್ಣ ಸಣ್ಣ ಭಾಗಗಳನ್ನು ತಯಾರಿಸುವ ಸಾಧನಗಳನ್ನು ಮಾಡಿಸಿದನು. 1932ರಲ್ಲಿ ಅದಕ್ಕೆ ಪೇಟೆಂಟು ದೊರೆಯಿತು. ಆ ವರ್ಷಗಳಲ್ಲಿ ಅಮೆರಿಕದಲ್ಲಿ ಬ್ಯಾಂಕುಗಳು ಮುಳುಗಿ, ಲಕ್ಷಾಂತರ ಜನ ಕೆಲಸ ಕಳೆದುಕೊಂಡು ಅನ್ನಕ್ಕಾಗಿ ಸಾಲುಗಟ್ಟಿ ನಿಂತಿದ್ದರು. ಅಂಥ ಕಾಲದಲ್ಲಿಯೂ ಈ ಬಿಲ್ಲೆ ಮಾರಾಟವಾಯಿತು. ಕೈಯಲ್ಲಿ ಕಾಸಿಲ್ಲದಾಗ ಮನುಷ್ಯನು ನಗುವನ್ನು ಬಿಟ್ಟುಬಿಡುತ್ತಾನೆಂದು ತಿಳಿಯುವುದು ಅರ್ಥಶಾಸ್ತ್ರಜ್ಞರು ಮಾತ್ರ.

ಈ ಬಿಲ್ಲೆಗೆ ಮುಂಚೆ ಅದೇ ಜಾತಿಯ ಮತ್ತೊಂದು ಸಾಧನ ಪೇಟೆಯಲ್ಲಿತ್ತು. 'ಜ್ಯಾಪರ್' ಎಂದು ಅದರ ಹೆಸರು. ಅದರ ನಡುವೆ ಒಂದು ಮೊಂಡು ಮೊನೆ. ಕೈ ಕುಲುಕಿದವರಿಗೆ ಅದು ಚುಚ್ಚಿ ನೋವಾಗುತ್ತಿತ್ತು; ನಡುಕವಾದರೋ ಅಷ್ಟಕ್ಕಷ್ಟೆ. ಆಡಮ್ಸ್ ಮಾಡಿದ್ದೇನೆಂದರೆ ನೋವನ್ನು ತೆಗೆದುಹಾಕಿ ನಡುಕವನ್ನು ಹೆಚ್ಚಿಸಿದ್ದು. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ: ಒಬ್ಬನು ಕೈ ಚಾಚುತ್ತಾನೆ, ಮತ್ತೊಬ್ಬನು ಕುಪ್ಪಳಿಸುತ್ತಾನೆ, ಸುತ್ತಲಿನವರು ನಗುತ್ತಾರೆ. ಕೈ ಕೊಟ್ಟವನಿಗೆ ಮಾತ್ರ ಅಂತರ ಗೊತ್ತು. ಒಂದರಲ್ಲಿ ಅವನು ಅಂಗೈ ಉಜ್ಜಿಕೊಂಡು ಮುಖ ಗಂಟಿಕ್ಕುತ್ತಾನೆ. ಇನ್ನೊಂದರಲ್ಲಿ 'ಎಲ್ಲಿ, ಅದನ್ನಿಲ್ಲಿ ಕೊಡು ನೋಡೋಣ' ಎನ್ನುತ್ತಾನೆ.

ಈ ಮಾತಿಗೆ ನಮ್ಮ ಮನೆಯಲ್ಲಿಯೇ ಒಂದು ಪ್ರಮಾಣವುಂಟು. ನಮ್ಮ ತಂದೆಯವರು ಪ್ರೌಢಶಾಲೆಯಲ್ಲಿ ಗಣಿತದ ಉಪಾಧ್ಯಾಯರು. ಅವರು ನಕ್ಕದ್ದನ್ನು ಕಂಡವರು ವಿರಳ. ಒಂದು ದಿನ ನನ್ನ ತಮ್ಮನು ಬಗ್ಗಿಸಿದ ತಂತಿಗೆ ರಬ್ಬರ್ ಬ್ಯಾಂಡು ಬಿಗಿದು, ನಡುವೆ ಅಂಗಿಯ ಗುಂಡಿಯೊಂದನ್ನು ಸಿಕ್ಕಿಸಿ, ಅದನ್ನು ನೂರು ಸುತ್ತು ತಿರುಚಿ ಕಾಗದದಲ್ಲಿ ಮಡಿಸಿದನು. ಮೇಲೆ 'ಚೇಳಿನ ಮರಿಗಳು, ಎಚ್ಚರಿಕೆ' ಎಂದು ಬರೆದು ತಂದೆಯವರ ಮೇಜಿನ ಮೇಲಿಟ್ಟನು. ಅವರು ಕನ್ನಡಕ ಸರಿಮಾಡಿಕೊಂಡು ಪೊಟ್ಟಣ ಬಿಚ್ಚಿದರು. ಗುಂಡಿಯು ಪಟಪಟನೆ ಕಾಗದಕ್ಕೆ ಬಡಿದು ಸದ್ದು ಮಾಡಿತು. ತಂದೆಯವರು ಕುರ್ಚಿಯ ಸಮೇತ ಹಿಂದಕ್ಕೆ ಸರಿದರು. ನಾವೆಲ್ಲ ಬಾಗಿಲ ಸಂದಿಯಲ್ಲಿ ಉಸಿರು ಬಿಗಿಹಿಡಿದು ನಿಂತಿದ್ದೆವು. ಒಂದು ನಿಮಿಷ ಮೌನ. ಆಮೇಲೆ, "ಎಷ್ಟು ಸುತ್ತು ಕೊಟ್ಟೆಯೋ?" ಎಂದು ಒಳಗಿನಿಂದ ಪ್ರಶ್ನೆ ಬಂತು. ತಮ್ಮನು ಹೆದರುತ್ತ ಹೆದರುತ್ತ "ನೂರು" ಎಂದನು. "ತಂತಿ ಇನ್ನೂ ಸ್ವಲ್ಪ ಗಟ್ಟಿಯಿದ್ದರೆ ನೂರೈವತ್ತು ತಡೆಯುತ್ತದೆ," ಎಂದರು ತಂದೆಯವರು. ಆ ಸಂಜೆ ತಾವೇ ಕುಳಿತು ಒಂದನ್ನು ಮಾಡಿದರು. ಮರುದಿನ ಅದನ್ನು ಕೋಟಿನ ಜೇಬಿನಲ್ಲಿಟ್ಟುಕೊಂಡು ಶಾಲೆಗೆ ಹೋದರು. ಅಲ್ಲಿ ಯಾವ ಉಪಾಧ್ಯಾಯರ ಗತಿ ಏನಾಯಿತೋ ನಮಗೆ ಹೇಳಲಿಲ್ಲ. ಆದರೆ ರಾತ್ರಿ ಊಟಕ್ಕೆ ಕುಳಿತಾಗ ಅವರ ಮೀಸೆಯ ಅಡಿಯಲ್ಲಿ ಒಂದು ನಗೆ ಆಗಾಗ ಸುಳಿಯುತ್ತಿತ್ತು.

ಎಲ್ಲ ಕಥೆಗಳೂ ಹೀಗೆ ಮುಗಿಯುವುದಿಲ್ಲ. ನಮ್ಮ ಅಕ್ಕನ ಮದುವೆಯ ಹಿಂದಿನ ದಿನ. ನಾನಾಗ ಹತ್ತು ವರ್ಷದ ಹುಡುಗ. ಕಾಲೇಜು ಓದುತ್ತಿದ್ದ ದೊಡ್ಡಪ್ಪನ ಮಗ, ನಮಗೆಲ್ಲ ಅಣ್ಣ, ಮೈಸೂರಿನ ದಸರಾ ವಸ್ತುಪ್ರದರ್ಶನದಲ್ಲಿ ಕೊಂಡ ರಬ್ಬರಿನ ಹಾವೊಂದನ್ನು ತಂದಿದ್ದನು. ಕಪ್ಪು ಮೈ, ಹಳದಿ ಪಟ್ಟೆ. ಹಿಡಿದರೆ ತಣ್ಣಗೆ ಬಳುಕುತ್ತಿತ್ತು. ಅದಾಗಲೇ ಅಡುಗೆಯವರನ್ನೂ ವಾದ್ಯದವರನ್ನೂ ಹೆದರಿಸಿ ಮನೆಯನ್ನೆಲ್ಲ ನಗಿಸಿತ್ತು. ನಡುಮನೆಯಲ್ಲಿ ಹೆಂಗಸರು ವೃತ್ತಾಕಾರವಾಗಿ ಕುಳಿತು ಹೂ ಕಟ್ಟುತ್ತಿದ್ದರು. ಅಣ್ಣನು ಯಾರಿಗೂ ಕಾಣದಂತೆ ಅದನ್ನು ಮಲ್ಲಿಗೆಯ ಬುಟ್ಟಿಯ ತಳದಲ್ಲಿರಿಸಿದನು. ಬುಟ್ಟಿಗೆ ಕೈಹಾಕಿದವರು ಹಳ್ಳಿಯಿಂದ ಅಂದೇ ಬೆಳಿಗ್ಗೆ ಬಂದಿದ್ದ ನಮ್ಮ ಸೋದರತ್ತೆ.

ಅತ್ತೆ ಕಿರುಚಲಿಲ್ಲ. ಕೈಯಲ್ಲಿದ್ದ ದಾರ ಕೆಳಗೆ ಬಿತ್ತು. ಕೈ ಬುಟ್ಟಿಯ ಮೇಲೆ ಹಾಗೆಯೇ ನಿಂತಿತು. ಅವರ ಹನ್ನೊಂದು ವರ್ಷದ ಮಗ ಕೆಲವು ವರ್ಷಗಳ ಹಿಂದೆ ತೋಟದಲ್ಲಿ ಹಾವು ಕಚ್ಚಿ ತೀರಿಕೊಂಡಿದ್ದನೆಂಬುದು ಅಲ್ಲಿ ಕುಳಿತಿದ್ದ ಹಿರಿಯರಿಗೆಲ್ಲ ಗೊತ್ತಿತ್ತು. ಹಾಸ್ಟೆಲಿನಲ್ಲಿ ಬೆಳೆದ ಅಣ್ಣನಿಗೆ ಯಾರೂ ಹೇಳಿರಲಿಲ್ಲ. ನಗಲೆಂದು ತೆರೆದ ಬಾಯಿಗಳು ಒಂದೊಂದಾಗಿ ಮುಚ್ಚಿದವು. ಅಣ್ಣನಿಗೆ ಏನಾಯಿತೆಂದು ತಿಳಿಯದಿದ್ದರೂ ಏನೋ ಆಗಿಹೋಯಿತೆಂದು ಮಾತ್ರ ತಿಳಿಯಿತು. ಸಂಜೆ ಆತನು ಹೋಗಿ ಅತ್ತೆಯ ಕಾಲು ಮುಟ್ಟಿದಾಗ ಅವರು ತಲೆ ನೇವರಿಸಿ, "ನಿನ್ನ ತಪ್ಪೇನಿಲ್ಲ ಕಣಪ್ಪ, ಆಡೋ ವಯಸ್ಸು. ಆದರೆ ಅದನ್ನ ಮನೆಯೊಳಗೆ ಇಟ್ಕೋಬೇಡ," ಎಂದರು. ಅಣ್ಣನು ಹಾವನ್ನು ಒಯ್ದು ಬಚ್ಚಲ ಹಂಡೆಯ ಒಲೆಗೆ ಹಾಕಿದನು. ಸುಟ್ಟ ರಬ್ಬರಿನ ವಾಸನೆ ಹಿತ್ತಲಿನಲ್ಲಿ ಬಹಳ ಹೊತ್ತು ನಿಂತಿತ್ತು.

'ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ' ಎಂಬ ಗಾದೆಯನ್ನು ಕಟ್ಟಿದವರು ತಮಾಷೆಯ ಶಾಸ್ತ್ರವನ್ನೆಲ್ಲ ಬಲ್ಲವರು. ಆದರೆ ಹಾವು ಮಾಡಿದವನನ್ನು ಬೈಯಬೇಕೋ, ಬುಟ್ಟಿಯಲ್ಲಿಟ್ಟವನನ್ನು ಬೈಯಬೇಕೋ? ಹಾವು ಮಾಡುವವನಿಗೆ ಅದು ಯಾರ ಮನೆಯ ಯಾವ ಬುಟ್ಟಿಯನ್ನು ಸೇರುತ್ತದೆಂದು ಹೇಗೆ ತಿಳಿಯಬೇಕು? ಆಡಮ್ಸನ ಡಬ್ಬಿಗಳೂ ಹಾಗೆಯೇ ಊರೂರಿಗೆ ಹೋದವು. ಸಾವಿರ ಮನೆಗಳಲ್ಲಿ ನಗು ಹುಟ್ಟಿಸಿದ ಪದಾರ್ಥ ಸಾವಿರದ ಒಂದನೆಯ ಮನೆಯಲ್ಲಿ ಏನು ಮಾಡಿತೋ. ಮಾಡುವವನ ಕೈಯಲ್ಲಿರುವುದು ಒಂದೇ: ಪದಾರ್ಥವು ತಾನಾಗಿ ಯಾರಿಗೂ ಕೆಡುಕು ಮಾಡದಂತೆ ನೋಡಿಕೊಳ್ಳುವುದು. ಉಳಿದದ್ದು, ಎದುರಿಗಿರುವವರು ಯಾರು, ಅವರ ಮನಸ್ಸಿನಲ್ಲಿ ಏನಿದೆ ಎಂಬ ತಿಳಿವಳಿಕೆ, ಕೊಂಡವನಿಗೆ ಸೇರಿದ್ದು. ಅದನ್ನು ಯಾವ ಡಬ್ಬಿಯಲ್ಲಿಯೂ ತುಂಬಿ ಮಾರಲಾಗುವುದಿಲ್ಲ.

ಈ ತಕ್ಕಡಿಯಲ್ಲಿಟ್ಟು ತೂಗಿದರೆ ಆತನ ಮೊದಲ ಸರಕು ಹಗುರವಾಗಿಬಿಡುತ್ತದೆ. ಕಾಚೂ ಪುಡಿಯ ಮೂಲದ್ರವ್ಯಕ್ಕೆ ರಸಾಯನಶಾಸ್ತ್ರಜ್ಞರು ಡಯಾನಿಸಿಡಿನ್ ಎನ್ನುತ್ತಾರೆ. ಅದು ಮೈಗೆ ಒಳ್ಳೆಯದಲ್ಲ, ವಿಷಕರವಾದದ್ದು ಎಂದು ಆಮೇಲೆ ತಿಳಿದುಬಂತು. ಅಮೆರಿಕದ ಆಹಾರ ಮತ್ತು ಔಷಧ ಇಲಾಖೆಯವರು ಅದರ ಉಪಯೋಗವನ್ನು ನಿಷೇಧಿಸಿದರು. ಇದಕ್ಕಿಂತ ವಿಚಿತ್ರವಾದ ಸಂಗತಿ ಮತ್ತೊಂದಿದೆ. ಮೊದಲನೆಯ ಮಹಾಯುದ್ಧದಲ್ಲಿ, 1914ರ ಅಕ್ಟೋಬರಿನಲ್ಲಿ, ಫ್ರಾನ್ಸಿನ ನವ್ ಶಾಪೆಲ್ ಎಂಬಲ್ಲಿ ಜರ್ಮನರು ಶತ್ರುಗಳ ಮೇಲೆ ಸುಮಾರು 3,000 ಗುಂಡುಗಳನ್ನು ಹಾರಿಸಿದರು. ಅವುಗಳಲ್ಲಿ ಇದೇ ಡಯಾನಿಸಿಡಿನ್ನಿನ ಒಂದು ಲವಣವನ್ನು ತುಂಬಿದ್ದರು. ಕಂದಕದಲ್ಲಿದ್ದ ಸೈನಿಕರು ಸೀನಿ ಕೆಮ್ಮಿ ಹೋರಾಡಲಾರದಂತಾಗಬೇಕೆಂಬುದು ಉದ್ದೇಶ. ಎದುರಾಳಿಗಳಿಗೆ ಅದು ತಮ್ಮ ಮೇಲೆ ಬಿದ್ದುದೇ ತಿಳಿಯಲಿಲ್ಲ, ಪ್ರಯೋಗ ವ್ಯರ್ಥವಾಯಿತು. ಆದರೆ ಆರು ತಿಂಗಳು ಕಳೆಯುವುದರೊಳಗೆ, 1915ರ ಏಪ್ರಿಲ್‌ನಲ್ಲಿ, ಬೆಲ್ಜಿಯಮ್ಮಿನ ಈಪ್ರ್ ಬಳಿ ಕ್ಲೋರಿನ್ ಅನಿಲವನ್ನು ಬಿಟ್ಟಾಗ ಅದು ವ್ಯರ್ಥವಾಗಲಿಲ್ಲ.

ಒಬ್ಬನು ಗೆಳೆಯರ ನಡುವೆ ಊದಿ ನಕ್ಕ ಪುಡಿ, ಎಂಟೇ ವರ್ಷಗಳಲ್ಲಿ ಫಿರಂಗಿಯ ಗುಂಡನ್ನು ಸೇರಿತು. ಇದರಲ್ಲಿ ಆಡಮ್ಸನ ಪಾಲೇನೂ ಇರಲಿಲ್ಲ; ಜರ್ಮನಿಯ ರಸಾಯನಶಾಲೆಗಳಿಗೆ ನ್ಯೂಜೆರ್ಸಿಯ ಸೀಸೆ ಬೇಕಾಗಿರಲಿಲ್ಲ. ಆದರೂ ಈ ಎರಡು ಸಂಗತಿಗಳನ್ನು ಅಕ್ಕಪಕ್ಕದಲ್ಲಿಟ್ಟಾಗ ನನಗೆ ಸಮಾಧಾನವಿರುವುದಿಲ್ಲ. ದ್ರವ್ಯ ಒಂದೇ ಆಗಿರಬಹುದು; ಮತ್ತೊಬ್ಬನ ಮೈ ತನ್ನ ಅಧೀನದಲ್ಲಿಲ್ಲದೆ ಒದ್ದಾಡುವುದನ್ನು ನೋಡುವ ಆಸೆಯೂ ಒಂದೇ ಬೇರಿನದಾಗಿರಬಹುದು. ಎರಡಕ್ಕೂ ನಡುವೆ ಇರುವ ಗೋಡೆಯೆಂದರೆ, ಸೀನಿ ಮುಗಿದ ಮೇಲೆ ಇಬ್ಬರೂ ಒಂದೇ ಮೇಜಿನ ಸುತ್ತ ಕುಳಿತು ನಗುತ್ತಾರೋ ಇಲ್ಲವೋ ಎಂಬುದು.

ಆಡಮ್ಸ್‌ಗೂ ತನ್ನದೇ ಆದ ಒಂದು ಗಡಿ ಇತ್ತು. ಆ ಗಡಿ ಎಲ್ಲಿತ್ತೆಂಬುದು ನಗೆ ತರಿಸುವ ಸಂಗತಿ. 1930ರ ಸುಮಾರಿನಲ್ಲಿ ಕೆನಡಾ ದೇಶದ ಟೊರಾಂಟೊ ನಗರದ ರಬ್ಬರ್ ಕಂಪನಿಯೊಂದರ ಕೆಲಸಗಾರರು, ಉಳಿದ ರಬ್ಬರಿನ ಹಾಳೆಗಳನ್ನು ಅಂಟಿಸಿ ಗಾಳಿ ತುಂಬುವ ಒಂದು ದಿಂಬನ್ನು ಮಾಡಿದರು. ಅದರ ಮೇಲೆ ಕುಳಿತವರ ಅಡಿಯಿಂದ, ಸಭೆಯಲ್ಲಿ ಯಾರೂ ಹೊರಡಿಸಬಾರದಂಥ ಒಂದು ಸದ್ದು ಹೊರಡುತ್ತಿತ್ತು. ಆ ಕಂಪನಿಯವರು ಅದನ್ನು ಮೊದಲು ತಂದು ತೋರಿಸಿದ್ದು ಆಡಮ್ಸ್‌ಗೆ. ತುರಿಕೆಯ ಪುಡಿ ಮಾರಿದ ಮಹಾನುಭಾವನು ಮೂಗು ಮುರಿದನು. ಇದು ತೀರ ಅಸಭ್ಯ, ನನಗೆ ಬೇಡ ಎಂದುಬಿಟ್ಟನು. ಅವರು ಅದನ್ನು ಜಾನ್ಸನ್ ಸ್ಮಿತ್ ಕಂಪನಿಗೆ ಕೊಟ್ಟರು. ಅಂಚೆಯ ಮೂಲಕ ವಿನೋದದ ವಸ್ತುಗಳನ್ನು ಕಳುಹಿಸುವುದರಲ್ಲಿ ಅಮೆರಿಕದಲ್ಲೆಲ್ಲ ಹೆಸರಾದ ಕಂಪನಿ ಅದು. ದಿಂಬು ಬಿಸಿ ದೋಸೆಯಂತೆ ಖರ್ಚಾಯಿತು. ಕೆಲವು ಕಾಲದ ಮೇಲೆ ಆಡಮ್ಸನೂ ಸಂಕೋಚವನ್ನು ಬದಿಗಿಟ್ಟು, ಬೇರೆ ಹೆಸರಿನಲ್ಲಿ ಅದೇ ಬಗೆಯ ದಿಂಬನ್ನು ತಾನೂ ಮಾರಿದನು. ವ್ಯಾಪಾರಿಯ ಸಭ್ಯತೆಗೂ ಲೆಕ್ಕದ ಪುಸ್ತಕಕ್ಕೂ ನಡುವೆ ಜಗಳ ಬಿದ್ದಾಗ ಗೆಲ್ಲುವುದು ಯಾವುದೆಂದು ವ್ಯಾಪಾರಸ್ಥರ ಮನೆಯವರಿಗೆ ಹೇಳಬೇಕಾಗಿಲ್ಲ.

ಆದರೂ ಆ ದಿಂಬಿನ ವಿಷಯದಲ್ಲಿ ನನಗೆ ಆತನ ಮೊದಲ ತೀರ್ಪಿಗಿಂತ ಜನರ ತೀರ್ಪೇ ಸರಿಯೆಂದು ತೋರುತ್ತದೆ. ಅದರಲ್ಲಿ ವಿಷವಿಲ್ಲ, ಮೊನೆಯಿಲ್ಲ. ಹಾಳಾಗುವುದೆಂದರೆ ಕುಳಿತವರ ಗಾಂಭೀರ್ಯವೊಂದೇ, ಅದೂ ಅರ್ಧ ನಿಮಿಷದ ಮಟ್ಟಿಗೆ. ಸಭ್ಯವಾಗಿ ಕಂಡ ಕಾಚೂ ಪುಡಿ ಮೈಗೆ ಕೇಡು ಮಾಡುವಂಥದು; ಅಸಭ್ಯವಾಗಿ ಕಂಡ ದಿಂಬು ಯಾರಿಗೂ ಏನೂ ಮಾಡಲಿಲ್ಲ. ಸಭ್ಯತೆ ಬೇರೆ, ಸಜ್ಜನಿಕೆ ಬೇರೆ. ಹಾಸ್ಯದಲ್ಲಿ ಮೊದಲನೆಯದು ಸ್ವಲ್ಪ ಕಡಿಮೆಯಾದರೂ ನಡೆಯುತ್ತದೆ, ಎರಡನೆಯದು ಕಡಿಮೆಯಾಗಬಾರದು.

ಆಡಮ್ಸ್ 1963ರಲ್ಲಿ ತೀರಿಕೊಂಡನು. ನ್ಯೂಜೆರ್ಸಿಯ ನೆಪ್ಚೂನ್ ಎಂಬ ಊರಿನಲ್ಲಿದ್ದ ಕಾರ್ಖಾನೆಯನ್ನು ಮಗನು ನಡೆಸಿದನು. ಮುಂದೆ ಕಂಪನಿ ಬೇರೆಯವರ ಕೈ ಸೇರಿತು. ಆತನ ಹೆಸರನ್ನು ಬಲ್ಲವರು ಕಡಿಮೆ. ಆತನ ಬಿಲ್ಲೆ, ಹಾವಿನ ಡಬ್ಬಿ, ತೊಟ್ಟಿಕ್ಕುವ ಲೋಟಗಳನ್ನು ಬಲ್ಲವರು ಲೋಕದಲ್ಲೆಲ್ಲ ಇದ್ದಾರೆ. ಸಣ್ಣ ಆವಿಷ್ಕಾರಕನ ಭಾಗ್ಯವೇ ಇಷ್ಟು: ಪದಾರ್ಥ ಉಳಿಯುತ್ತದೆ, ಹೆಸರು ಕರಗುತ್ತದೆ. ಚಪಾತಿಯ ಲಟ್ಟಣಿಗೆಯನ್ನು ಮೊದಲು ಉರುಟಿಸಿದವರು ಯಾರು, ಬುಗುರಿಗೆ ಮೊದಲು ಮೊಳೆ ಹೊಡೆದವರು ಯಾರು ಎಂದು ನಾವು ಕೇಳುತ್ತೇವೆಯೇ?

ಇಂಥ ಮನುಷ್ಯನ ಬದುಕು ಸಾರ್ಥಕವೇ ಎಂದು ಗಂಭೀರ ಸ್ವಭಾವದ ನನ್ನ ಸ್ನೇಹಿತರೊಬ್ಬರು ಒಮ್ಮೆ ಕೇಳಿದರು. ಐವತ್ತಕ್ಕೂ ಹೆಚ್ಚು ವರ್ಷ ದುಡಿದು ಕೊನೆಗೆ ಉಳಿಸಿದ್ದೇನು, ಒಂದು ನಡುಕ, ಒಂದು ಸೀನು ಎಂದು ಅವರ ಆಕ್ಷೇಪ. ನಾನು ನಮ್ಮ ತಂದೆಯವರ ಕೋಟಿನ ಜೇಬನ್ನು ನೆನೆದೆ. ನಲವತ್ತು ವರ್ಷ ಗಣಿತ ಹೇಳಿದ ಆ ಮನುಷ್ಯರು ತಮ್ಮ ಮಗನು ಕಟ್ಟಿದ ಒಂದು ಪೊಟ್ಟಣಕ್ಕೆ ಬೆಚ್ಚಿಬಿದ್ದು, ಆಮೇಲೆ ಅವನ ಪಕ್ಕದಲ್ಲಿ ನೆಲದ ಮೇಲೆ ಕುಳಿತು ತಂತಿ ಬಗ್ಗಿಸಿದ ಸಂಜೆಯನ್ನು ನಾವಿನ್ನೂ ಮರೆತಿಲ್ಲ. ಅದುವರೆಗೆ ಆ ಮನೆಯಲ್ಲಿ ತಂದೆ ಮಕ್ಕಳು ಹಾಗೆ ಸಮಸಮವಾಗಿ ಕುಳಿತದ್ದೇ ಇರಲಿಲ್ಲ. ಒಂದು ಗುಂಡಿ, ಒಂದು ರಬ್ಬರ್ ಬ್ಯಾಂಡು ಇಷ್ಟನ್ನು ಮಾಡಬಲ್ಲವಾದರೆ ಅಂಥವನ್ನು ಮಾಡಿಕೊಡುವವನ ಬದುಕನ್ನು ವ್ಯರ್ಥವೆನ್ನಲು ನನಗೆ ಬಾಯಿ ಬರುವುದಿಲ್ಲ.

ಹೆದರಿಸಿಕೊಂಡವರ ಕೈಗೆ ಆ ವಸ್ತುವನ್ನು ಕೂಡಲೇ ಕೊಟ್ಟು ನೋಡಿ, ಇಷ್ಟೇ ನಾನು ಹುಡುಗರಿಗೆ ಹೇಳುವ ಮಾತು. ಅವರು ಅದನ್ನು ತಿರುಗಿಸಿ ನೋಡಿ, 'ಇದು ಹೇಗೆ ಕೆಲಸ ಮಾಡುತ್ತದೆ?' ಎಂದು ಕೇಳಿದರೆ ನಿಮ್ಮ ತಮಾಷೆ ಒಳ್ಳೆಯದು. ಮತ್ತೊಬ್ಬರ ಮೇಲೆ ಇಬ್ಬರೂ ಸೇರಿ ಪ್ರಯೋಗ ಮಾಡಿ. ಅವರು ಅದನ್ನು ಮುಟ್ಟದೆ ಕೈ ಹಿಂದಕ್ಕೆ ಎಳೆದುಕೊಂಡರೆ, ಅಲ್ಲಿಗೆ ನಿಲ್ಲಿಸಿ, ಅವರ ಬಳಿ ಸ್ವಲ್ಪ ಹೊತ್ತು ಕುಳಿತುಕೊಳ್ಳಿ.